ಫ್ರಿಜ್ಜಿನಲ್ಲಿ ಸಿಕ್ಕ ಹಾಪ್ಸ್ ಬೇರು

ಆಳಂದದ ಸುಭದ್ರಾಬಾಯಿಗೆ ಮನೆಯೊಳಗೆ ಬರುವ ಪ್ರತಿ ಚೀಲವನ್ನೂ ಮುಟ್ಟಿ, ಮೂಸಿ ನೋಡುವ ಅಭ್ಯಾಸ. ಅದು ಸುಮ್ಮನೆ ಬಂದದ್ದಲ್ಲ. ಗಂಡ ದೌಲತರಾಯ ತೊಗರಿ ಚೀಲಗಳ ಸಂದಿಯಲ್ಲಿ, ದನದ ಕೊಟ್ಟಿಗೆಯಲ್ಲಿ, ಕೊನೆಗೆ ದೇವರ ಜಗಲಿಯ ಹಿಂದೆಯೂ ಬಾಟಲಿ ಬಚ್ಚಿಡುತ್ತಿದ್ದ. ಲಿವರ್ ಕೆಟ್ಟು ಅವನು ಸತ್ತಾಗ ಮಗ ಸುನೀಲಕುಮಾರ ಇನ್ನೂ ಹೈಸ್ಕೂಲಿನಲ್ಲಿದ್ದ. ಸರಸಂಬಾ ಊರಿನಲ್ಲಿದ್ದ ಹೊಲವನ್ನು ಪಾಲಿಗೆ ಕೊಟ್ಟು, ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಮಾಡಿ ಮಾರಿ ಅವನನ್ನು ಓದಿಸಿದಳು. ಈಗ ಅವನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾನೆ.

ಹೋದ ಚಳಿಗಾಲದಲ್ಲಿ, ಫ್ರಿಜ್ಜಿನ ತಳದಲ್ಲಿ, ಮೆಂತ್ಯೆ ಸೊಪ್ಪಿನಡಿ ಅವಳಿಗೊಂದು ಪ್ಲಾಸ್ಟಿಕ್ ಚೀಲ ಸಿಕ್ಕಿತು. ಒಳಗೆ ಒದ್ದೆ ಕಟ್ಟಿಗೆ ಹೊಟ್ಟು, ಹೊಟ್ಟಿನಲ್ಲಿ ಬೆರಳು ದಪ್ಪದ ಕಂದು ಬೇರಿನ ತುಂಡುಗಳು. ಅಲ್ಲಲ್ಲಿ ಬಿಳಿ ಮೊಳಕೆ. ಶುಂಠಿಯಲ್ಲ, ಅರಿಶಿಣವಲ್ಲ. ಮೂಸಿದರೆ ಬರೀ ಮಣ್ಣಿನ ವಾಸನೆ.

ಅನುಮಾನ ನೇರವಾಗಿ ಸೊಸೆಯ ಮೇಲೆ ಹೋಯಿತು. ವಿಜಯಶ್ರೀ ಅಫಜಲಪುರದ ತವರಿಂದ ಮೊನ್ನೆಯಷ್ಟೇ ಬಂದಿದ್ದಳು. ಅಲ್ಲಿ ಯಾರಾದರೂ ಮದ್ದು ಮಾಟ ಮಾಡಿಸಿ ಕೊಟ್ಟಿರಬಹುದೇ? ಅವತ್ತು ಸೊಸೆ ಬಡಿಸಿದ ಪಲ್ಯ ಮುಟ್ಟದೆ ರೊಟ್ಟಿ ಮೊಸರು ತಿಂದು ಎದ್ದಳು. ಮರುದಿನ ಒಂದು ತುಂಡನ್ನು ಸೆರಗಿನಲ್ಲಿ ಕಟ್ಟಿಕೊಂಡು, ಬಜಾರಿನಲ್ಲಿ ನಾರುಬೇರು ಮಾರುವ ದಾವಲಸಾಬನ ಅಂಗಡಿಗೆ ಹೋದಳು.

"ಇದು ನಮ್ಮ ಸೀಮಿ ಬೇರಲ್ರಿ ಬಾಯಿ. ಎಲ್ಲಿ ಸಿಕ್ತ್ರಿ?" ಎಂದ ಅವನು.

ಇವನೇಕೆ ಇಷ್ಟು ವಿಚಾರಿಸುತ್ತಾನೆ ಎಂದು ಅವನ ಮೇಲೂ ಸಂಶಯ ಬಂತು. ತುಂಡನ್ನು ಕಸಿದುಕೊಂಡು ಮನೆಗೆ ಬಂದು ಸೊಸೆಯನ್ನೇ ಕೇಳಿದಳು: "ನನ್ನ ಊಟದಾಗ ಏನ್ ಹಾಕಾಕತ್ತಿ?"

ವಿಜಯಶ್ರೀಯ ಕಣ್ಣು ತುಂಬಿ ಬಂತು. "ಅದು ನಂದಲ್ರಿ ಅತ್ತಿ. ಪಾರ್ಸಲ್ ಅವರಿಗೇ ಬಂದಿತ್ರಿ. ಔಷಧಿ ಬಳ್ಳಿ, ಒಣಗಬಾರದು, ತಣ್ಣಗಿಡು, ಅವ್ವಗ ಹೇಳಬ್ಯಾಡ ಅಂದ್ರು."

ಅವ್ವಗ ಹೇಳಬ್ಯಾಡ ಎಂಬ ಮಾತು ಕೇಳಿ ಸುಭದ್ರಾಬಾಯಿ ಫ್ರಿಜ್ಜಿನಿಂದ ಚೀಲವನ್ನು ಹೊರಗೆ ತೆಗೆದಳು.

ಸಂಜೆ ಮಗ ಬಂದಾಗ ಚೀಲ ಹೊರಸಿನ ಮೇಲಿತ್ತು.

"ಹಾಪ್ಸ್ ಅಂತಾರವ್ವ. ಹಿಮಾಚಲದ ಕಡೆ ಬೆಳೀತಾರ," ಎಂದ.

"ಯಾತಕ್ಕ ಬರ್ತದ?"

"ಔಷಧಿಗಿ…"

"ನನ್ನ ಮಾರಿ ನೋಡಿ ಹೇಳು."

ಅವನು ತಲೆ ತಗ್ಗಿಸಿದ. "ಇದರ ಹೂವು ಬೀರಿಗೆ ಹಾಕ್ತಾರ. ಮನ್ಯಾಗ ಮಾಡಿ ನೋಡೂಣು ಅಂತ ಕಾಲೇಜಿನಾಗ ನನ್ನ ಜೋಡಿ ಕಲಸೋ ತುಷಾರ ಅಂದ. ಒಂದೇ ಸಲ ಅವ್ವ."

"ನಿಮ್ಮಪ್ಪನೂ ಒಂದೇ ಸಲ ಅಂದಿದ್ದ."

ಸುಭದ್ರಾಬಾಯಿ ಅಡುಗೆ ಮನೆಗೆ ಹೋಗಿ ಸೊಸೆಯ ಮುಂದೆ ತಾಟು ಹಿಡಿದು ಕೂತಳು. "ಪಲ್ಯ ಹಾಕವ್ವ," ಎಂದಳು. ತಪ್ಪಾಯಿತು ಎನ್ನಲು ಅವಳಿಗೆ ಬೇರೆ ದಾರಿ ಗೊತ್ತಿರಲಿಲ್ಲ.

ಬೇರನ್ನು ಅವಳು ತಿಪ್ಪೆಗೆ ಎಸೆಯುತ್ತಾಳೆಂದು ಮಗ ತಿಳಿದಿದ್ದ. ಅವಳು ಎಸೆಯಲಿಲ್ಲ. ಗಂಡನ ಬಾಟಲಿಗಳನ್ನು ಬಚ್ಚಲಿಗೆ ಸುರಿದು ಸುರಿದು ಅವಳಿಗೆ ತಿಳಿದಿತ್ತು: ಸುರಿದರೆ ಕುಡಿತ ನಿಲ್ಲುವುದಿಲ್ಲ, ಬಚ್ಚಿಡುವ ಜಾಗ ಬದಲಾಗುತ್ತದೆ ಅಷ್ಟೇ.

"ಹಿತ್ತಲಾಗ ಬ್ಯಾಡ. ಮುಂದ ಅಂಗಳದಾಗ ಹಚ್ಚು, ನಾ ಕುಂಡ್ರೋ ಕಟ್ಟಿ ಬಾಜೂಕ," ಎಂದಳು.

ಕರಿಮಣ್ಣಿನಲ್ಲಿ ನೀರು ನಿಂತು ಬೇರು ಕೊಳೆಯುತ್ತದೆಂದು ಸುನೀಲಕುಮಾರ ಉಸುಕು, ಗೊಬ್ಬರ ಕಲಸಿ ದಿಬ್ಬ ಮಾಡಿದ. ಮೊಳಕೆ ಮೇಲೆ ಬರುವಂತೆ ತುಂಡುಗಳನ್ನಿಟ್ಟು ತೆಳುವಾಗಿ ಮಣ್ಣು ಮುಚ್ಚಿದ. ಛಾವಣಿಗೆ ದಾರ ಕಟ್ಟಿದ. ಎರಡು ಚಿಗುರಿದವು. ನೆರಳಿಗೆಂದು ಹಸಿರು ಪರದೆ ಕಟ್ಟಿದರೂ ಒಂದನ್ನು ಬೇಸಿಗೆ ಸುಟ್ಟಿತು.

ಹೋಗಿಬರುವವರು ಕೇಳಿದರೆ ಸುಭದ್ರಾಬಾಯಿ ದೊಡ್ಡ ದನಿಯಲ್ಲೇ ಹೇಳುತ್ತಿದ್ದಳು: "ಬೀರಿನ ಬಳ್ಳಿರಿ. ನನ್ನ ಮಗ ಹಚ್ಚ್ಯಾನ." ತುಷಾರ ಆ ಓಣಿಗೆ ಬರುವುದನ್ನೇ ಬಿಟ್ಟ.

ಮಳೆಗಾಲಕ್ಕೆ ಬಳ್ಳಿ ಅರ್ಧ ದಾರ ಏರಿತು. ಹೂ ಬಿಡಲಿಲ್ಲ.

"ನಮ್ಮ ಬಿಸಿಲಿಗಿ ಬಿಡಂಗಿಲ್ಲ ಅನಸ್ತದವ್ವ," ಎಂದ ಸುನೀಲಕುಮಾರ. "ನನಗೂ ಆ ಆಸೆ ಹೋಗ್ಯದ."

"ಛಲೋ ಆತು," ಎಂದಳು.

ಸಂಜೆ ಅವನೇ ನೀರು ಹಾಕುತ್ತಾನೆ. ಅವಳು ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ, ಅವನು ಎಲೆ ಎತ್ತಿ ಎತ್ತಿ ಏನು ಹುಡುಕುತ್ತಾನೆಂದು ನೋಡುತ್ತಿರುತ್ತಾಳೆ.