ರೊಟ್ಟಿ ಬಡಿಯುತ್ತ ಕಲಿತ ಇಂಗ್ಲಿಷ್

ಕಮಲಾಪುರದ ಶೀಲಾ ಇಂಗ್ಲಿಷ್ ಕಲಿತದ್ದು ಒಲೆಯ ಮುಂದೆ. ಹಿಟ್ಟಿನ ಡಬ್ಬಿಗೆ ಮೊಬೈಲ್ ಆನಿಸಿಟ್ಟು, ರೊಟ್ಟಿ ಬಡಿಯುತ್ತ ವಿಡಿಯೋ ನೋಡುವಳು. ಆಫೀಸಿನಲ್ಲಿ ಹೇಗೆ ಮಾತಾಡಬೇಕು, ಫೋನಿನಲ್ಲಿ ಗಿರಾಕಿಯನ್ನು ಹೇಗೆ ಸಂಭಾಳಿಸಬೇಕು, ಎಲ್ಲ ಅದರಲ್ಲೇ. ವಿಡಿಯೋದ ಮಾಸ್ತರ ಪ್ರಶ್ನೆ ಕೇಳಿ ಸುಮ್ಮನಾಗುವನು. ಆ ಹೊತ್ತಿನಲ್ಲಿ ಇವಳು ಗಟ್ಟಿಯಾಗಿ ಉತ್ತರ ಹೇಳಬೇಕು. ಪಿಯುಸಿ ಮುಗಿಸಿ ಮದುವೆಯ ಹೊಂಡಕ್ಕೆ ಬಿದ್ದವಳಿಗೆ ಇದೇ ಕಾಲೇಜು.

ಆ ದಿನ ಹನ್ನೊಂದಕ್ಕೆ ಕಲಬುರಗಿಯ ಕಪನೂರಿನಲ್ಲಿ, ಒಂದು ಬೇಳೆ ಕಂಪನಿಯಲ್ಲಿ ಅವಳಿಗೆ ಇಂಟರ್‌ವ್ಯೂ ಇತ್ತು. ಹೊರರಾಜ್ಯದ ವ್ಯಾಪಾರಿಗಳೊಂದಿಗೆ ಫೋನಿನಲ್ಲಿ ಮಾತಾಡುವ ಕೆಲಸ. ಸಿಕ್ಕರೆ ಗಂಡನ ಏಟಿನಿಂದ ಬಿಡುಗಡೆ, ಸಿಗದಿದ್ದರೆ ಮತ್ತದೇ ಬಾಳು. ಗಂಡನಿಗೆ ಹೇಳಿರಲಿಲ್ಲ. ಹೇಳುವುದಾದರೂ ಹೇಗೆ? ಆ ಶಿವಲಿಂಗ ಟೆಂಪೋ ಓಡಿಸುವುದಕ್ಕಿಂತ ಕೈ ಓಡಿಸುವುದರಲ್ಲೇ ಗಟ್ಟಿಗ.

ಟೆಂಪೋ ಕೆಟ್ಟು ಅವನು ಬೆಳಿಗ್ಗೆಯೇ ಮನೆಗೆ ಬಂದ. ಬಾಗಿಲಲ್ಲೇ ಕೇಳಿಸಿತು: ಗಂಡಸಿನ ದನಿ, ಹೆಂಡತಿಯ ಉತ್ತರ, ಮತ್ತೆ ಗಂಡಸಿನ ದನಿ. ಪಿತ್ತ ನೆತ್ತಿಗೇರಿತು.

"ಯಾಂವ ಅಂವ? ಯಾರ ಸಂಗಟ ಮಾತಾಡ್ಲಾಕತ್ತಿ?" ಜಡೆ ಹಿಡಿದು ಗೋಡೆಗೆ ಅಪ್ಪಳಿಸಿದ. ತುಟಿ ಸೀಳಿತು. ಮುಂದಿನ ಹಲ್ಲೊಂದು ಹಿಟ್ಟಿನಲ್ಲಿ ಬಿತ್ತು.

"ವಿಡಿಯೋ ರೀ! ಪಾಠ ರೀ! ನೀವೇ ನೋಡ್ರಿ!"

ನೋಡಿದ. ಪರದೆಯ ಮೇಲಿನ ಮಾಸ್ತರ ನಗುತ್ತ ಇನ್ನೊಂದು ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯುತ್ತಿದ್ದ. ಇನ್ನು ಬಿಡುತ್ತಾನೆ ಎಂದುಕೊಂಡಳು ಶೀಲಾ. ಅಯ್ಯೋ ಹುಚ್ಚಿ!

"ಇಂಗ್ಲಿಷ್ ಕಲ್ತು ನನ್ನ ತಲಿ ಮ್ಯಾಲ ಕುಂದ್ರಾಕಿ ಏನು?" ಎಂದು ಮೊಬೈಲನ್ನು ನೆಲಕ್ಕೆ ಬಡಿದು ಅವಳ ಹೊಟ್ಟೆಗೆ ಒದ್ದ, ಮೊದಲಿಗಿಂತ ಜೋರಾಗಿ. ಅವನ ಕೈಕಾಲಿಗೆ ಹುಳ ಬೀಳಲಿ!

ಸಂಶಯ ಹೋದರೂ ಏಟು ಹೋಗುವುದಿಲ್ಲವೆಂದು ಅವಳಿಗೆ ಆಗ ತಿಳಿಯಿತು. ಒಲೆಯ ಮೇಲೆ ಕಾದಿದ್ದ ಕಬ್ಬಿಣದ ಹಂಚನ್ನು ಸೆರಗಿನಿಂದ ಹಿಡಿದು ಅವನ ಮುಂಗೈಗೆ ಬೀಸಿದಳು. ಎಲುಬು ಲಟಕ್ಕೆಂದಿತು, ಚರ್ಮ ಸುಟ್ಟ ವಾಸನೆ ಬಂತು. ಅವನು ಚೀರುತ್ತ ಉರುಳಿದ. ಇವಳು ಅವನನ್ನು ದಾಟಿಕೊಂಡೇ ಬಸ್ ಸ್ಟ್ಯಾಂಡಿಗೆ ಓಡಿದಳು.

ಕಪನೂರಿನಲ್ಲಿ ಮ್ಯಾನೇಜರ್ ವಿವೇಕಾನಂದ ಅವಳ ಮುಖ ನೋಡಿ ಎದ್ದೇ ನಿಂತರು.

"ತಂಗಿ, ಮೊದಲ ದವಾಖಾನಿಗಿ ಹೋಗವ್ವ. ಇಂಟರ್‌ವ್ಯೂ ನಾಳಿ ಮಾಡೋಣು."

ಶೀಲಾ ರಕ್ತ ಒರೆಸಿಕೊಂಡು, ಕುರ್ಚಿ ಎಳೆದು ಕೂತಳು.

"ನಾಳಿ ತನಕ ನಾ ಜೀವಂತ ಇರ್ತೀನೋ ಇಲ್ಲೋ ಗೊತ್ತಿಲ್ರೀ. ಇವತ್ತೇ ಕೇಳ್ರಿ."

ಅವರು ಇಂಗ್ಲಿಷಿನಲ್ಲಿ ಕೇಳುತ್ತ ಹೋದರು. ಮಾತಿನ ಜೊತೆ ರಕ್ತವೂ ಬಂತು, ಆದರೆ ಮಾತು ನಿಲ್ಲಲಿಲ್ಲ. ಕೆಲಸ ಅಂದೇ ಸಿಕ್ಕಿತು. ದವಾಖಾನೆಗೆ ಹೋದದ್ದು ಆಮೇಲೆ.