ಮಗಳು ಹೋದ ಕಾನ್ವೆಂಟು

"ಅಮ್ಮಾ, ಸಮ್ಮರಲ್ಲಿ ನಾನು ಒಂದು ಹಳೇ ಕಾನ್ವೆಂಟ್‌ಗೆ ಹೋಗ್ತೀನಿ. ಗ್ರೀಸಲ್ಲಿ, ಐಲ್ಯಾಂಡ್ ಮೇಲೆ," ಎಂದು ಮಗಳು ಹೇಳಿದಾಗ ನಾನು ಚಪಾತಿ ಲಟ್ಟಿಸುತ್ತಿದ್ದೆ. ಕೋವಿಡ್ ಗಲಾಟೆ ಮುಗಿದು ಎಲ್ಲರೂ ಮತ್ತೆ ವಿಮಾನ ಹತ್ತತೊಡಗಿದ್ದ ವರ್ಷ ಅದು. ಮೈಸೂರಿನಲ್ಲಿ ಬೆಳೆದ ನನಗೆ ಕಾನ್ವೆಂಟ್ ಎಂದರೆ ಇಂಗ್ಲಿಷ್ ಮೀಡಿಯಂ ಸ್ಕೂಲು. ಟೈ, ಬೂಟು, ಕನ್ನಡ ಮಾತಾಡಿದರೆ ಬೈಗುಳ. ಹಿಸ್ಟರಿ ಓದುವವಳಿಗೆ ರಜೆಯಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತಲ್ಲ ಎಂದು ಹಿಗ್ಗಿ, ಅಮೆರಿಕದ ನಮ್ಮೂರು ಕ್ಲಾರ್ಕ್ಸ್‌ಬರ್ಗಿನಲ್ಲಿ, ಮನೆಗೊಂದು ಅಡುಗೆ ತಂದು ಕೂಡಿ ಉಣ್ಣುವ ಪಾಟ್‌ಲಕ್‌ನಲ್ಲಿ ಎಲ್ಲರಿಗೂ ಹೇಳಿಕೊಂಡೆ.

ಕೆಟ್ಟದ್ದು ಅಲ್ಲೇ. ಮಂಗಳೂರು ಕಡೆಯ, ಭಾನುವಾರ ತಪ್ಪದೆ ಚರ್ಚಿಗೆ ಹೋಗುವ ಪಕ್ಕದ ಮನೆಯಾಕೆ ತಟ್ಟೆ ಕೆಳಗಿಟ್ಟು ನನ್ನ ಮುಖ ನೋಡಿದರು. "ಸ್ಕೂಲಾ? ನಮ್ಮಲ್ಲಿ ಕಾನ್ವೆಂಟ್ ಅಂದ್ರೆ ಸಿಸ್ಟರ್‌ಗಳು ಇರುವ ಮನೆ ಮಾರಾಯ್ರೆ. ಸನ್ಯಾಸಿನಿಯರದ್ದು. ಸರಿಯಾಗಿ ಕೇಳಿದ್ರಾ ನೀವು?"

ಕೇಳಿರಲಿಲ್ಲ. ನಾನು ಕೇಳುವ ಪೈಕಿಯಲ್ಲ, ಪತ್ತೆ ಹಚ್ಚುವ ಪೈಕಿ. ಮಗಳು ಸೊಂಟದವರೆಗಿದ್ದ ಕೂದಲನ್ನು ಹಿಂದಿನ ತಿಂಗಳಷ್ಟೇ ಕತ್ತಿನವರೆಗೆ ಕತ್ತರಿಸಿಕೊಂಡಿದ್ದಳು. ಕಿವಿಯ ಓಲೆ ಬಿಚ್ಚಿಟ್ಟಿದ್ದಳು. ಮದುವೆಯ ಮಾತೆತ್ತಿದರೆ ಎದ್ದು ಹೋಗುತ್ತಿದ್ದಳು. ಒಂದಕ್ಕೊಂದು ತಾಳೆ ಹಾಕುತ್ತ ಹೋದ ಹಾಗೆ ಪಕ್ಕದ ಮನೆಯಾಕೆ ಹೇಳಿದ್ದೇ ನಿಜ ಅನ್ನಿಸತೊಡಗಿತು. ಇರುವವಳು ಒಬ್ಬಳೇ ಮಗಳು. ಯಾರನ್ನಾದರೂ ಕಟ್ಟಿಕೊಳ್ಳಲಿ, ಎಲ್ಲಾದರೂ ಇರಲಿ. ನಮ್ಮನ್ನು ಬಿಟ್ಟು ಯಾವುದೋ ಗೋಡೆಯೊಳಗೆ ಹೋಗಿ ಕೂತರೆ ನಾನು ಬದುಕುವುದು ಹೇಗೆ?

ಹೊರಡುವ ಹಿಂದಿನ ಮಧ್ಯಾಹ್ನ ಅವಳು ಸನ್‌ಸ್ಕ್ರೀನ್ ತರಲು ಹೋದಾಗ ಸೂಟ್‌ಕೇಸ್ ತೆಗೆದು ನೋಡಿಯೇಬಿಟ್ಟೆ. ತುಂಬುತೋಳಿನ ಅಂಗಿಗಳು. ತಲೆಗೆ ಕಟ್ಟುವ ಬಟ್ಟೆ. ತಳದಲ್ಲಿ, ಮಂಡಿಗೆ ಕಟ್ಟಿಕೊಳ್ಳುವ ದಪ್ಪ ಪ್ಯಾಡು ಒಂದು ಜೊತೆ. ಗಂಟೆಗಟ್ಟಲೆ ಮಂಡಿಯೂರಿ ಪ್ರಾರ್ಥನೆ ಮಾಡುವವರಿಗಲ್ಲದೆ ಇನ್ಯಾರಿಗೆ ಬೇಕು ಅದು? ಇದ್ದ ಹಾಗೇ ಮಡಚಿಟ್ಟೆ. ಗಂಡನಿಗೆ ಹೇಳಿದರೆ, "ನಿಂಗೆಲ್ಲೋ ತಲೆ ಕೆಟ್ಟಿದೆ, ಅವಳನ್ನೇ ಕೇಳು," ಎಂದರು. ಇವರೂ ಶಾಮೀಲು ಎಂದುಕೊಂಡೆ.

ಅವಳು ಹೋದ ನಾಲ್ಕನೇ ದಿನ ವಿಡಿಯೊ ಕಾಲ್ ಬಂತು. "ನೋಡಮ್ಮ, ಇದೇ," ಎಂದು ಫೋನನ್ನು ಸುತ್ತಲೂ ತಿರುಗಿಸಿದಳು. ಸೊಂಟದೆತ್ತರದ ಕಲ್ಲುಗೋಡೆಗಳು, ಆಚೆ ಸಮುದ್ರ. ಛಾವಣಿಯೆಂಬುದಿಲ್ಲ. ಪೂರ್ವಕ್ಕೆ ಅರ್ಧಚಂದ್ರದ ಹಾಗೆ ಬಾಗಿದ ಒಂದು ಗೋಡೆ ಮಾತ್ರ ಎತ್ತರಕ್ಕೆ ಉಳಿದಿತ್ತು. ಪೂಜೆ ನಡೆಯುತ್ತಿದ್ದದ್ದು ಅಲ್ಲೇ ಅಂತೆ. ಹಿಂದೆ ಗ್ರೀಸನ್ನು ಆಳಿದ ಬೈಜಾಂಟೈನ್ ಚಕ್ರವರ್ತಿಗಳ ಕಾಲದಲ್ಲಿ ಹೆಂಗಸರೇ ಇದ್ದ ಮಠ, ಪಾಳುಬಿದ್ದು ನೂರಾರು ವರ್ಷವಾಗಿದೆ, ಹಳೆಯದೇನು ಸಿಗುತ್ತದೆಂದು ಕಾಲೇಜಿನವರೆಲ್ಲ ಅಗೆದು ನೋಡುತ್ತಿದ್ದೇವೆ ಎಂದು ಅವಳು ಅರ್ಧ ಇಂಗ್ಲಿಷಿನಲ್ಲಿ ವಿವರಿಸಿದಳು. "ಈಗ ಯಾರೂ ಇಲ್ಲ. ಆಗ ಇಲ್ಲಿ ಗೇಟ್ ಇತ್ತು. ಒಬ್ರು ಓಲ್ಡ್ ಸಿಸ್ಟರ್ ಕೂತ್ಕೊಂಡು, ಯಾರು ಬರ್ತಾರೆ, ಏನು ತರ್ತಾರೆ, ಎಲ್ಲಾ ಚೆಕ್ ಮಾಡ್ತಿದ್ರು."

ನನಗೆ ನಂಬಿಕೆ ಬರಲಿಲ್ಲ. ಅಷ್ಟರಲ್ಲಿ ತಲೆಗೆ ಕಪ್ಪು ಬಟ್ಟೆ ಸುತ್ತಿಕೊಂಡ ಹೆಂಗಸೊಬ್ಬಳು ಅವಳ ಹಿಂದೆ ಹಾದುಹೋದಳು.

"ಯಾರೂ ಇಲ್ಲ ಅಂದ್ಯಲ್ಲ, ಅದ್ಯಾರು?"

"ನಮ್ಮ ಪ್ರೊಫೆಸರ್ ಅಮ್ಮ. ತುಂಬಾ ಬಿಸಿಲು."

"ಮತ್ತೆ ಮಂಡಿಗೆ ಪ್ಯಾಡ್ ಯಾಕೆ?"

ಬಾಯಿ ಜಾರಿತ್ತು. ಅವಳು ಫೋನನ್ನು ಮುಖದ ಹತ್ತಿರ ತಂದಳು. "ಮಂಡಿ ಊರಿ ಡಿಗ್ ಮಾಡೋಕೆ," ಎಂದಳು ಮೆಲ್ಲಗೆ. "ಅದು ಸೂಟ್‌ಕೇಸ್ ಬಾಟಮಲ್ಲಿತ್ತು, ಅಮ್ಮ."

ನಾಚಿಕೆಯಾಯಿತು. ಆದರೂ ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಕೇಳಿಯೇ ಬಿಟ್ಟೆ. "ನೀನು ಅಲ್ಲಿಗೆ ಹೋಗಿರೋದು ಸನ್ಯಾಸ ತಗೊಳ್ಳೋಕಲ್ಲ ತಾನೆ? ಸಿಸ್ಟರ್ ಆಗೋಕೆ?"

ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ.

"ಇಲ್ಲಮ್ಮ. ಆದ್ರೆ ಆಗೋದಾಗಿದ್ರೆ, ಎಲ್ಲರಿಗೂ ಹೇಳಿ ನಿಂಗೆ ಲಾಸ್ಟ್ ಹೇಳ್ತಿದ್ದೆ."

ಆ ದಿನ ಅವಳು ಹೇಳಿದ್ದರಲ್ಲಿ ನಾನು ಒಂಚೂರೂ ಅನುಮಾನಪಡದ ಮಾತು ಅದೊಂದೇ.