ಐದು ಫೋನು, ಒಂದೇ ದನಿ

ಕಂಪ್ಯೂಟರಿನಲ್ಲಿ ಹುಡುಕಿದಾಗ ತಮ್ಮ ಅಂಗಡಿಯ ಹೆಸರೇ ಮೊದಲು ಬರಲೆಂದು ಜನ ಈಗ ಏನೇನು ಆಟ ಕಟ್ಟುತ್ತಾರೆಂದು ಕೇಳಿದಾಗಲೆಲ್ಲ ಅಂಧೇರಿಯ ಆ ಕೋಣೆ ನೆನಪಾಗಿ ನನ್ನ ಮೈ ಜುಮ್ಮೆನ್ನುತ್ತದೆ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಧಾರವಾಡದಿಂದ ಮದುವೆಯಾಗಿ ಮುಂಬಯಿಗೆ ಬಂದಿದ್ದ ನಾನು, ರೋಗಿಗಳ ಮನೆಗೆ ನರ್ಸುಗಳನ್ನು ಕಳಿಸುವ ಬ್ಯೂರೋ ಒಂದರಲ್ಲಿ ಫೋನ್ ಎತ್ತುವ ಕೆಲಸಕ್ಕೆ ಸೇರಿದ್ದೆ.

ಬ್ಯೂರೋ ಒಂದೇ, ಹೆಸರು ಮಾತ್ರ ಐದು. ಆಗೆಲ್ಲ ಜನ ಹುಡುಕುತ್ತಿದ್ದುದು ಟೆಲಿಫೋನ್ ಡೈರೆಕ್ಟರಿಯ ಹಳದಿ ಪುಟಗಳಲ್ಲಿ. ಅಲ್ಲಿ ಹೆಸರುಗಳು ಇಂಗ್ಲಿಷ್ ಅಕ್ಷರಗಳ ಸಾಲಿನಂತೆ ಬರುತ್ತಿದ್ದವು. ನಮ್ಮ ಮಾಲೀಕ ಮಹಾ ಕಿಲಾಡಿ. ಒಂದು ಹೆಸರಿನ ಮುಂದೆ ಒಂದು 'ಎ', ಇನ್ನೊಂದರ ಮುಂದೆ ಎರಡು, ಮತ್ತೊಂದರ ಮುಂದೆ ಮೂರು ಎಂದು ಅಂಟಿಸುತ್ತ ಹೋಗಿ ಮೇಲಿನ ಐದೂ ಜಾಗ ಹಿಡಿದು ಕೂತಿದ್ದ. ಇದ್ದ ನರ್ಸುಗಳು ಬೆರಳೆಣಿಕೆಯಷ್ಟು. ಅವರೆಲ್ಲ ಕೆಲಸದ ಮೇಲಿದ್ದರೆ ಐದೂ ಫೋನಿನಲ್ಲಿ ನಾನು 'ನಾಳೆ' ಎನ್ನಬೇಕು. ಇಡೀ ಮುಂಬಯಿಯಲ್ಲೇ ಇವತ್ತು ನರ್ಸ್ ಸಿಗುವುದಿಲ್ಲವೆಂದು ನಂಬಿ ಗಿರಾಕಿ ನಮಗಾಗಿಯೇ ಕಾಯುತ್ತಾನೆ ಎಂಬುದು ಮಾಲೀಕನ ಲೆಕ್ಕಾಚಾರ. ಒಂದರಲ್ಲಿ ಹಿಂದಿ, ಒಂದರಲ್ಲಿ ಮರಾಠಿ ಬೆರೆಸಿ, ಇನ್ನೊಂದರಲ್ಲಿ ಮೂಗಿನಿಂದ, ಮತ್ತೊಂದರಲ್ಲಿ ಗಂಟಲು ದಪ್ಪ ಮಾಡಿಕೊಂಡು ಮಾತಾಡುತ್ತಿದ್ದೆ. ಸಂಜೆ ಮನೆಗೆ ಹೋಗಿ ಗಂಡನನ್ನು ಕರೆದರೆ, ಕರೆದದ್ದು ಯಾರೋ ಬೇರೆಯವಳು ಅನಿಸುತ್ತಿತ್ತು.

ಊರಿನ ಆ ತುದಿಯ ಫೋರ್ಟ್ ಬಡಾವಣೆಯಲ್ಲಿ, ಎಲ್ಲರೂ 'ಬಾಯಿ' ಎಂದು ಕರೆಯುತ್ತಿದ್ದ ಮಂಗಳೂರು ಕಡೆಯ ಹೆಂಗಸೊಬ್ಬರೂ ಇಂಥದೇ ಬ್ಯೂರೋ ನಡೆಸುತ್ತಿದ್ದರು. ನಾನು ಕೆಲಸ ಕೇಳಿಕೊಂಡು ಮೊದಲು ಹೋಗಿದ್ದು ಅವರ ಬಳಿಗೇ. ಕಳಿಸಿದ ನರ್ಸ್ ಸರಿಯಾಗಿ ನೋಡಿಕೊಂಡಳೇ ಎಂದು ಮಾರನೆಯ ದಿನ ತಾವೇ ವಿಚಾರಿಸುವವರು. ಹಾಗೆ ಬಾಯಿಂದ ಬಾಯಿಗೆ ಹೆಸರು ಹಬ್ಬಿದರೆ ಸಾಕು ಎನ್ನುವವರು. ಪಟ್ಟಿಯಲ್ಲಿ ಅವರ ಬ್ಯೂರೋ ಎಲ್ಲೋ ತಳದಲ್ಲಿತ್ತು.

ಒಂದು ಮಧ್ಯಾಹ್ನ ಮೊದಲ ಫೋನ್ ಬಡಿದುಕೊಂಡಿತು. ಗೋರೆಗಾಂವಿನಿಂದ ವಯಸ್ಸಾದ ಗಂಡಸಿನ ದನಿ, ತಡವರಿಸುವ ಹಿಂದಿ. ಹೆಂಡತಿಗೆ ಉಸಿರಾಡಲು ಆಗುತ್ತಿಲ್ಲ, ಆಕ್ಸಿಜನ್ ಸಿಲಿಂಡರ್ ತರಿಸಿದ್ದಾಗಿದೆ, ಹಾಕಲು ತನಗೆ ಬರುವುದಿಲ್ಲ, ಕೂಡಲೇ ನರ್ಸ್ ಬೇಕು. ಆತನ ಹಿಂದೆ ಆ ಉಸಿರು ಕೇಳುತ್ತಿತ್ತು. ಸಿಳ್ಳೆಯಂತೆ ಎದ್ದು, ನಿಂತು, ಮತ್ತೆ ಏಳುತ್ತಿತ್ತು. ನಾನು 'ನಾಳೆ' ಎಂದೆ. ವಿಳಾಸ ಕೇಳುವಷ್ಟರಲ್ಲಿ ಇಟ್ಟುಬಿಟ್ಟ.

ಎರಡನೆಯ ಫೋನ್ ಬಡಿಯಿತು. ಎತ್ತಿದರೆ ಅದೇ ಉಸಿರು. ಮೂಗಿನಿಂದ ಮತ್ತೆ 'ನಾಳೆ' ಎಂದೆ. ಮೂರನೆಯದರಲ್ಲೂ ಅದೇ. ಆತ ಪಟ್ಟಿಯ ಮೇಲೆ ಬೆರಳಿಟ್ಟು ಒಂದೊಂದೇ ಹೆಸರು ಇಳಿಯುತ್ತಿದ್ದಾನೆ, ಪ್ರತಿ ಹೆಸರಿನ ಹಿಂದೆಯೂ ನಾನೇ ಕೂತಿದ್ದೇನೆ. ಫೋನ್ ಇಟ್ಟಮೇಲೂ ಆ ಸಿಳ್ಳೆ ಕೋಣೆಯಲ್ಲೇ ಉಳಿದಿತ್ತು. ಫ್ಯಾನ್ ಆರಿಸಿದೆ, ಆದರೂ ಹೋಗಲಿಲ್ಲ. ನಾಲ್ಕನೆಯದರಲ್ಲಿ ಉಸಿರುಗಳ ನಡುವಿನ ಮೌನ ಉದ್ದವಾಗಿತ್ತು. ಆತ ರಿಸೀವರಿನಿಂದ ಆಚೆ ತಿರುಗಿ, ಕನ್ನಡದಲ್ಲಿ, "ಸ್ವಲ್ಪ ತಡ್ಕೊಳೇ, ಇನ್ನೊಂದು ನಂಬರ್ ನೋಡ್ತೀನಿ" ಅಂದ.

ಆ ಇನ್ನೊಂದು ನಂಬರ್ ನನ್ನ ಮೊಣಕೈ ಪಕ್ಕದಲ್ಲೇ ಇತ್ತು. ಅದು ಬಡಿದಾಗ ಮಾಲೀಕನೂ ಬೇಡ, ಅವನ ಕೆಲಸವೂ ಬೇಡ ಅನಿಸಿತು.

"ಸರ, ನಾನೂ ಕನ್ನಡದಾಕಿ. ಇಲ್ಲಿ ನರ್ಸ್ ಇಲ್ರಿ. ಮ್ಯಾಲಿನ ಐದೂ ನಂಬರ್ ಒಂದ ರೂಮಿನ್ವು. ನೀವು ಪಟ್ಟಿ ಕೆಳಗ ನೋಡ್ರಿ, ಫೋರ್ಟಿಂದು ಒಂದು ಅದ. ಆ ಬಾಯಾರು ಇವತ್ತ ಕಳಸ್ತಾರ. ಇಲ್ಲಾಂದ್ರ ನಿಮ್ಮ ವಿಳಾಸ ಕೊಡ್ರಿ, ನಾನ ಅವರಿಗೆ ಹೇಳ್ತೀನಿ."

ಆತನ ಹಿಂದೆ ಆ ಸಿಳ್ಳೆ ಒಮ್ಮೆ ಎದ್ದು ನಿಂತಿತು.

"ಆಗ್ಲಿಂದ ಎಲ್ಲಾ ಕಡೆ ಮಾತಾಡಿದ್ದು ನೀವೇನಾ?"

"ಹೌದ್ರಿ."

"ಹಾಗಾದ್ರೆ ಆ ಫೋರ್ಟ್ ನಂಬರಿಗೆ ಮಾಡಿದ್ರೂ ಎತ್ತೋದು ನೀವೇ ಅಲ್ವೇನಮ್ಮ?" ಅಂದ. ಆ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. ಫೋನ್ ಇಟ್ಟ.

ಐದೂ ಫೋನು ಸುಮ್ಮನಿದ್ದವು. ಒಂದಾದರೂ ಬಡಿಯಲಿ ಎಂದು ಕಾದೆ. ಕೊನೆಗೆ ತಡೆಯಲಾರದೆ ನಾನೇ ಫೋರ್ಟಿಗೆ ಫೋನ್ ಮಾಡಿ, ಗೋರೆಗಾಂವಿನಿಂದ ಯಾರಾದರೂ ಕೇಳಿದರೇ ಎಂದೆ.

"ಇಲ್ಲ ಮಾರಾಯ್ತಿ," ಎಂದರು ಆ ಬಾಯಿ, "ಬೆಳಿಗ್ಗೆಯಿಂದ ಒಂದು ಫೋನೂ ಬರ್ಲಿಲ್ಲ. ಇಬ್ಬರು ನರ್ಸ್ ಸುಮ್ಮನೆ ಕೂತಿದ್ದಾರೆ ಇಲ್ಲಿ."